ರಾಣಿಗಾಗಿ ಹೋದ ಮೀಸೆ

ಉದಗೀರಕ್ಕೆ ಬಂದಿದ್ದ ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಸಿಕ್ಕೀತೆಂದು ಕುರಿ ಕಾಯುವ ಅಮೋಘಸಿದ್ಧ ಮೀಸೆ ಬೋಳಿಸಿಕೊಂಡು ಹೋಗಿ ಹಾಡಿ ತೋರಿಸಿದ್ದ. "ಹೇಳಿ ಕಳಸ್ತೀವಿ" ಎಂದ ಮಾಲೀಕನಿಂದ ಆಮೇಲೆ ಹೂಂ ಇಲ್ಲ, ಉಹೂಂ ಇಲ್ಲ.

ಅಪ್ಪ ಸತ್ತಾಗಷ್ಟೇ ಮೀಸೆ ತೆಗೆಯುವ ಜನ ಇವರು. ಔರಾದ ಶಹಾಜನಿಯ ಸಂತೆಯಲ್ಲಿ ನಿಜಾಮರ ಜವಾನನೂ ಬಿಡದೆ, "ಅಪ್ಪ ಯಾವಾಗ ಹೋದನೋ?" ಎಂದು ಕೇಳಿ ಜೀವ ತಿಂದಿದ್ದ. ಮೀಸೆ ಬಿಡೋಣವೆಂದರೆ ನಾಳೆಯೇ ಕರೆ ಬಂದರೆ? ಬೋಳಿಸೋಣವೆಂದರೆ ಮತ್ತದೇ ಪ್ರಶ್ನೆ. ಥೂ!

ಕ್ಷೌರದ ಕಲ್ಯಾಣಪ್ಪ ಕತ್ತಿ ಮಸೆಯುತ್ತ ಕೇಳಿದ: "ಮೀಸಿ ಇಡ್ಲೇನು, ತೆಗೀಲೇನು?"

"ನನಗೇನ ಗೊತ್ತು? ಆ ಕಂಪನಿ ಮಾಲಕನ್ನ ಕೇಳ್ಹೋಗು!" ಅಮೋಘಸಿದ್ಧ ಸಿಡಿದ.

ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಅಪ್ಪ ಗುರಣ್ಣ ಬೀಡಿ ಆರಿಸಿದ.

"ತೆಗಿಯಪ್ಪಾ ಕಲ್ಯಾಣಪ್ಪ. ಕೇಳಿದವ್ರಿಗೆ ನಾ ಇನ್ನೊಂದ ವಾರ ಸತ್ತೇ ಇರ್ತೀನಿ."