ತಾತನ ಬೆನ್ನಿನ ನೀಲಿ

ಗಾಯ ನೋಡಿ ಅದು ಎಷ್ಟು ದಿನದ್ದು ಅಂತ ಪೊಲೀಸರಿಗೆ ಬರೆದುಕೊಡೋದು ನನ್ನ ಕೆಲಸ. ಪೆಟ್ಟು ಮೊದಲು ಕೆಂಪಗಿರುತ್ತೆ, ಆಮೇಲೆ ನೀಲಿ, ಹಸಿರು, ಕೊನೆಗೆ ಹಳದಿ. ಅಂದಾಜು ಅಷ್ಟೆ, ಆದರೂ ನನಗೆ ಅದರ ಮೇಲೆ ಜಂಬ ಇತ್ತು.

ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿದ್ದಾಗ ಪೊಲೀಸರು ಕ್ಯಾಸಂಬಳ್ಳಿ ಕಡೆಯ ಒಬ್ಬ ತಾತನನ್ನು ಕರೆತಂದರು. ಮಗ ಹೊಡೀತಾನೆ ಅಂತ ಪಕ್ಕದ ಮನೆಯವರು ದೂರು ಕೊಟ್ಟಿದ್ದರು. ಅಂಗಿ ತೆಗೆಸಿದರೆ ಬೆನ್ನು ತುಂಬ ನೀಲಿ ಕಲೆಗಳು.

"ಯಾರು ಹೊಡೆದಿದ್ದು ತಾತಾ?"

"ಯಾರೂ ಇಲ್ಲ ಸಾರ್. ಎಲ್ಲಾ ಚಿನ್ನದ ಮೈನ್ಸ್‌ದು. ಕೆಳಗೆ ಗಣೀಲಿ ಮೈಮೇಲೆ ಕಲ್ಲು ಬಿದ್ದು, ಪುಡಿ ಒಳಗೇ ಉಳ್ಕೊಂಡ್ಬುಡ್ತು. ಮೂವತ್ತು ವರ್ಸ ಆಯ್ತು."

ನಿಜವೇ. ಚರ್ಮದೊಳಗೆ ಸೇರಿದ ಕಲ್ಲಿನ ಪುಡಿ ಸಾಯೋವರೆಗೂ ನೀಲಿಯಾಗೇ ಇರುತ್ತೆ, ಒತ್ತಿದರೆ ನೋಯಲ್ಲ. ಆದರೆ ಎಡಭುಜದ ಕಲೆ ಒತ್ತಿದಾಗ ತಾತ ಹಲ್ಲು ಕಚ್ಚಿದ. ಅದರ ಅಂಚು ಹಸಿರಾಗಿತ್ತು.

"ಅದೂ ಮೈನ್ಸ್‌ದೇ. ಅಂಗೇ ಬರ್ಕೊಳ್ಳಿ ಸಾರ್."

ನನಗೆ ರೇಗಿತು. ಒಂದು ವಾರದೊಳಗಿನ ಪೆಟ್ಟು ಅಂತ ಬರೆದು ಸಹಿ ಹಾಕಿದೆ. "ಕಲ್ಲಿನ ಕಲೆ ಬಣ್ಣ ಬದಲಾಯಿಸಲ್ಲ ತಾತಾ. ಇದು ಬದಲಾಯಿಸುತ್ತೆ. ಐದು ದಿನ ಬಿಟ್ಟು ಬಾ, ನಾನೇ ತೋರಿಸ್ತೀನಿ" ಅಂದೆ.

ಪೊಲೀಸರು ಮಗನನ್ನು ಕರೆಸಿ, ಗದರಿಸಿ, ಇಬ್ಬರನ್ನೂ ಮನೆಗೆ ಕಳಿಸಿದರಂತೆ.

ಐದನೇ ದಿನ ತಾತ ನಿಜವಾಗಿಯೂ ಬಂದ. ಹಳೆಯ ಕಲೆಗಳೆಲ್ಲ ನೀಲಿಯಾಗೇ ಇದ್ದವು. ಭುಜದ್ದು ಹಳದಿಗೆ ತಿರುಗಿತ್ತು. ನೋಡಿದೆಯಾ ಅನ್ನಲು ಬಾಯಿ ತೆರೆದೆ. ಆ ಕಲೆಯ ಕೆಳಗೆ ಗೇಣುದ್ದ ಹೊಸ ಬಾಸುಂಡೆ, ಇನ್ನೂ ಕೆಂಪಗಿತ್ತು.

"ಮೈನ್ಸ್‌ದು ಸಾರ್" ಅಂದ, ನಾನು ಕೇಳುವ ಮೊದಲೇ.

ಮೈನ್ಸ್ ಮುಚ್ಚಿ ಇಪ್ಪತ್ತು ವರ್ಷ ದಾಟಿತ್ತು. ತಾತನ ಶಿಫ್ಟ್ ಮಾತ್ರ ಇನ್ನೂ ಮುಗಿದಿರಲಿಲ್ಲ.