ಗಾಳಿಗೂ ಬಿಲ್ಲು ಕಟ್ಟಿದ ಚಿಗವ್ವ

ನಲ್ಲಿಯಲ್ಲಿ ನೀರು ಬರುವ ಮೊದಲು ಗಾಳಿ ಬರುತ್ತದೆ. ತುಕ್ಕು, ಪಾಚಿ ಎರಡೂ ಸೇರಿದ ತಣ್ಣನೆಯ ವಾಸನೆ ಅದಕ್ಕೆ. ಮೊನ್ನೆ ಎಷ್ಟೋ ದಿನಗಳ ಮೇಲೆ ನೀರು ಬಿಟ್ಟಾಗ ನಾನು ಕೊಡ ಹಿಡಿದು ನಲ್ಲಿಯ ಮುಂದೆ ಬಗ್ಗಿದ್ದೆ. ಆ ಗಾಳಿ ಬಂದು ಮುಖಕ್ಕೇ ಹೊಡೆಯಿತು. ಕೊಡ ಅಲ್ಲೇ ಇಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆ. ಪಕ್ಕದ ಮನೆಯ ಚಿಗವ್ವ ಕಣ್ಣ ಮುಂದೆ ಬಂದಂತಾಯಿತು...

ನಾನು ಮಡಕಶಿರದ ಆಚೆ ರೊಳ್ಳದ ಕಡೆಯವಳು. ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಕೋಟೆ ಗುಡ್ಡದ ಬುಡದಲ್ಲಿ ಏರುತ್ತಾ ಹೋಗುವ ಓಣಿ ನಮ್ಮದು. ಓಣಿಯ ತುತ್ತತುದಿಯ ಮನೆ ಚಿಗವ್ವನದು, ಅದಕ್ಕೆ ಅಂಟಿಕೊಂಡದ್ದು ನಮ್ಮದು. ನಮ್ಮ ಯಜಮಾನರಿಗೆ ಆಕೆ ದೂರದ ವರಸೆಯಲ್ಲಿ ಚಿಕ್ಕಮ್ಮ ಆಗಬೇಕು. ಅವರು ಚಿಗವ್ವ ಅನ್ನುತ್ತಿದ್ದರು, ನಾನೂ ಅದನ್ನೇ ಕಲಿತೆ. ನನ್ನ ಬಾಯಿ ಸ್ವಲ್ಪ ಜೋರು. ಬಂದ ಹೊಸದರಲ್ಲೇ ಚಿಗವ್ವ ನನ್ನನ್ನು "ಮಡಕಶಿರದ ಬಾಯಿ" ಅಂತ ಕರೆದು ನಕ್ಕಿದ್ದಳು. ನಾನೇನು ಬಿಟ್ಟೆನೇ, ನಾನೂ ನಾಲ್ಕು ಮಾತು ಅಂದೆ. ಅಲ್ಲಿಂದ ನಮಗಿಬ್ಬರಿಗೂ ಚೆನ್ನಾಗಿ ಹೊಂದಿಬಿಟ್ಟಿತು.

ಆಕೆ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಜೇಬು ಕೂರಿಸುವ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಗಂಡ. ಲಕ್ವ ಹೊಡೆದು ಒಂದು ಕಡೆ ಪೂರಾ ಬಿದ್ದುಹೋಗಿತ್ತು, ಬಲಗೈ ಒಂದೇ ಆಡುತ್ತಿತ್ತು. ನಾನು ಅವರನ್ನು ಮಾವ ಅನ್ನುತ್ತಿದ್ದೆ. ಮಂಚದ ಮೇಲೇ ಎಲ್ಲವೂ ಆಗಬೇಕು. ದಿನಾ ಹಾಸಿಗೆ ಬಟ್ಟೆ ಒಗೆಯಬೇಕು, ಅವರ ಮೈ ಒರೆಸಬೇಕು. ನೀರಿಲ್ಲದೆ ಒಂದು ದಿನವೂ ನಡೆಯುವ ಮನೆ ಅಲ್ಲ ಅದು.

ಓಣಿಗೆ ಮೀಟರ್ ಹಾಕಿದ ಮೇಲೆ ಚಿಗವ್ವನ ಮನೆಗೆ ಬಂದ ನೀರಿನ ಬಿಲ್ಲು ನೋಡಿ ನಾವೆಲ್ಲ ಬಾಯಿ ಮೇಲೆ ಕೈ ಇಟ್ಟೆವು. ಮನೆ ತುಂಬ ಜನರಿರುವ ನಮಗೂ ಅಷ್ಟು ಬಂದಿರಲಿಲ್ಲ. ಎಲ್ಲೋ ಸೋರುತ್ತಿರಬೇಕು ಅಂದುಕೊಂಡು ನಲ್ಲಿ ಭದ್ರವಾಗಿ ಮುಚ್ಚಿ ಮೀಟರ್ ಮುಂದೆ ಕೂತು ನೋಡಿದೆವು. ಅದರ ಪುಟ್ಟ ಚಕ್ರ ಅಲ್ಲಾಡಲಿಲ್ಲ. ಆದರೂ ಆಕೆ ನಲ್ಲಿಗೆ ಹೊಸ ವಾಷರ್ ಹಾಕಿಸಿದಳು. ಬಟ್ಟೆ ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಮಾರನೇ ದಿನ ಹಾಸಿಗೆ ಬಟ್ಟೆ ನೆನೆಹಾಕುವುದಕ್ಕೆ, ಆ ನೀರು ಬಚ್ಚಲಿಗೆ... ಹೀಗೆ ಒಂದೇ ನೀರನ್ನು ಮನೆಯೆಲ್ಲ ಸುತ್ತಿಸಿದಳು. ತಾನು ಸ್ನಾನ ಮಾಡುವುದನ್ನೂ ದಿನ ಬಿಟ್ಟು ದಿನ ಮಾಡಿದಳು.

"ಇನ್ನು ಮುಖ ತೊಳ್ಯಾದೂ ಬಿಡ್ತೀರೇನು ಚಿಗವ್ವಾ?" ಅಂತ ನಾನು ಕಿಚಾಯಿಸಿದೆ.

"ಬಿಲ್ಲು ಇಳೀತೈತಿ ಅಂದ್ರ ಅದನ್ನೂ ಬಿಡ್ತೀನವಾ," ಅಂದಳು. ನಗುತ್ತಲೇ ಅಂದಳು, ಆದರೆ ಬಾಯಿ ಮಾತಿಗೆ ಅಂದದ್ದಲ್ಲ.

ಮುಂದಿನ ಬಿಲ್ಲು ಇನ್ನೂ ಜಾಸ್ತಿ ಬಂತು. ಅದನ್ನು ಕೊಡಲು ಬಂದವನು ಹಿತ್ತಿಲಿಗೆಲ್ಲ ಇಣುಕಿ, ಮನೆಯಲ್ಲಿ ಜೀನ್ಸ್ ತೊಳೆಯುವ ಕೆಲಸ ಏನಾದರೂ ಇಟ್ಟಿದ್ದೀಯಾ ಅಂತ ಕೇಳಿದ. ಹಗ್ಗದ ಮೇಲೆ ಒಣಗುತ್ತಿದ್ದ ಹಾಸಿಗೆ ಬಟ್ಟೆ ತೋರಿಸಿದರೂ ನಂಬಲಿಲ್ಲ. ಬಾಕಿ ಉಳಿದರೆ ನಲ್ಲಿ ಕತ್ತರಿಸಬೇಕಾಗುತ್ತದೆ ಅಂತ ಹೇಳಿ ಹೋದ. ಚಿಗವ್ವ ಬಿಲ್ಲು ಹಿಡಿದು ಹೊಸ್ತಿಲ ಮೇಲೆ ಕೂತಳು. ಬೀದಿ ನಲ್ಲಿ ಇದ್ದದ್ದು ಏರಿನ ಕೆಳಗೆ, ಮುಖ್ಯ ರಸ್ತೆಯ ಹತ್ತಿರ. ಇಡೀ ದಿನ ಮಿಷನ್ ತುಳಿದು ಬಂದ ಕಾಲಲ್ಲಿ ಅಲ್ಲಿಂದ ಕೊಡ ಹೊತ್ತು ಏರಿ, ಅಷ್ಟು ಬಟ್ಟೆ ಒಗೆಯುವುದೆಂದರೆ ಆಗುವ ಮಾತೇ?

ಗುಟ್ಟು ತಿಳಿದದ್ದು ಆಕೆಯ ರಜೆಯ ದಿನ. ನಮ್ಮ ಓಣಿಯ ರೂಢಿ ಏನೆಂದರೆ, ನಲ್ಲಿ ಯಾರೂ ಮುಚ್ಚುವುದಿಲ್ಲ. ನೀರು ಯಾವಾಗ ಬಿಡುತ್ತಾರೋ ದೇವರಿಗೇ ಗೊತ್ತು. ತೆರೆದಿಟ್ಟರೆ ಬಂದಾಗ ತಾನೇ ನೆಲದ ಸಂಪಿನೊಳಕ್ಕೆ ಬೀಳುತ್ತದೆ. ದಿನವಿಡೀ ಹೊರಗಿರುವ ಚಿಗವ್ವನಂತೂ ಮುಚ್ಚಿದವಳೇ ಅಲ್ಲ. ಅವತ್ತು ಇಬ್ಬರೂ ನಲ್ಲಿಯ ಪಕ್ಕ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆವು. ಸುಂಯ್ ಅಂತ ಗಾಳಿ ಶುರುವಾಯಿತು. ತಿರುಗಿ ನೋಡುತ್ತೇನೆ, ಮೀಟರ್ ಗಿರಗಿರ ತಿರುಗುತ್ತಿದೆ!

"ಅಯ್ಯೋ ನೋಡಿ ಚಿಗವ್ವಾ, ತೊಟ್ಟು ನೀರಿಲ್ಲ, ಮೀಟ್ರು ಹೆಂಗೆ ತಿರುಗ್ತಾ ಐತೆ!"

ನೀರು ಬಿಟ್ಟಾಗ ಕೊಳವೆಯೊಳಗಿನ ಗಾಳಿಯೆಲ್ಲ ಮೇಲಕ್ಕೆ ತಳ್ಳಿಕೊಂಡು ಬರುತ್ತಿತ್ತು. ಓಣಿಯ ಎತ್ತರದ ತುದಿ ಚಿಗವ್ವನ ಮನೆ, ಅದು ಹೊರಗೆ ಬೀಳುತ್ತಿದ್ದದ್ದು ಆಕೆಯ ತೆರೆದ ನಲ್ಲಿಯಿಂದ. ಚಿಗವ್ವ ಮೀಟರನ್ನೇ ನೋಡುತ್ತಾ, "ಇಷ್ಟು ದಿನ ಗಾಳಿಗೆ ದುಡ್ಡು ಕಟ್ಟೀನೇನವಾ ನಾನು?" ಅಂದಳು. ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಕೊನೆಗೆ ಆಕೆಗೆ ಅಳುವೇ ಬಂದುಬಿಟ್ಟಿತು.

ನೀರಿನ ಆಫೀಸಿಗೆ ಹೋಗಿ ಹೇಳಿದೆವು. ನಾನಂತೂ ಗಂಟಲು ಹರಿಯುವ ಹಾಗೆ ಕೂಗಾಡಿದೆ. ಅಲ್ಲಿದ್ದವರು ತೆಲುಗಿನಲ್ಲಿ, "ಮೀಟರ್ ಎಂತ ಚೂಪಿಸ್ತೆ ಅಂತೇನಮ್ಮಾ," ಅಂದರು. ಅದು ಎಷ್ಟು ತೋರಿಸಿದರೆ ಅಷ್ಟೇ, ಬಂದ ಬಿಲ್ಲು ಕಟ್ಟಲೇಬೇಕು. ಇನ್ನು ಮೇಲೆ ನಲ್ಲಿ ಮುಚ್ಚಿಡಿ, ಕೆಳಗಿನ ಮನೆಗಳಲ್ಲಿ ನೀರು ಬಿದ್ದ ಮೇಲೆ ತೆಗೆಯಿರಿ ಅಂತ ಬುದ್ಧಿ ಹೇಳಿ ಕಳಿಸಿದರು. ಮಾತು ಸರಿಯೇ. ಆದರೆ ನೀರು ಬರುವ ಹೊತ್ತಿಗೆ ಮನೆಯಲ್ಲಿ ಇರುವವರು ಯಾರು? ತೆರೆದಿಟ್ಟರೆ ಗಾಳಿಯ ಬಿಲ್ಲು, ಮುಚ್ಚಿಟ್ಟರೆ ಸಂಪು ಖಾಲಿ.

ಆ ಕೆಲಸ ನಾನು ವಹಿಸಿಕೊಂಡೆ. ಕೆಳಗಿನ ಮನೆಯವರು ನೀರು ಬಂತೆಂದು ಕೂಗಿದರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆ. ಬಿಲ್ಲು ನಿಜಕ್ಕೂ ಇಳಿಯಿತು. ಚಿಗವ್ವ ಯೂನಿಟ್ಟಿನಲ್ಲೆಲ್ಲ ಹೇಳಿಕೊಂಡು ಬಂದಳಂತೆ. ಬಾಕಿಯನ್ನೂ ಸ್ವಲ್ಪ ಸ್ವಲ್ಪವೇ ತೀರಿಸತೊಡಗಿದಳು.

ಅಷ್ಟರಲ್ಲಿ ನನಗೆ ದಿನ ತುಂಬುತ್ತಾ ಬಂತು. ಚೊಚ್ಚಲು ಹೆರಿಗೆ, ತವರಿಗೆ ಹೋಗಲೇಬೇಕು. ನಮ್ಮ ಮನೆಯಲ್ಲಿ ಉಳಿದವರೂ ಹಗಲು ಕೆಲಸಕ್ಕೆ ಹೋಗುವವರೇ. ಹೊರಡುವ ದಿನ ಚಿಗವ್ವನ ಮುಖ ನೋಡಲಾಗಲಿಲ್ಲ. "ನೀ ಆರಾಮಾಗಿ ಹೋಗಿ ಬಾರವಾ, ನಾ ಏನರ ಮಾಡ್ಕೊತೀನಿ," ಅಂದಳು.

ಮಾಡಿಕೊಂಡಳು ಕೂಡ. ರೊಳ್ಳಕ್ಕೆ ಫೋನ್ ಮಾಡಿ ಹೇಳಿದಳು. ಉದ್ದ ಹಿಡಿಯ ನಲ್ಲಿ ಹಾಕಿಸಿ, ಆ ಹಿಡಿಗೆ ಎರಡು ದಾರ ಕಟ್ಟಿ ಕಿಟಕಿಯೊಳಗಿಂದ ಮಾವನ ಮಂಚಕ್ಕೆ ತಂದಿದ್ದಳಂತೆ. ಒಂದು ಎಳೆದರೆ ನಲ್ಲಿ ತೆರೆಯಬೇಕು, ಇನ್ನೊಂದು ಎಳೆದರೆ ಮುಚ್ಚಬೇಕು. ಕೂಗು ಕೇಳಿದ ಕೂಡಲೇ ಮಾವ ಬಲಗೈಯಲ್ಲಿ ಎಳೆಯುತ್ತಾರಂತೆ. "ನಿಮ್ ಮಾವಗೂ ಒಂದು ನೌಕ್ರಿ ಸಿಕ್ಕಂಗಾತು ನೋಡವಾ. ಹಗಲೊತ್ತು ಕಣ್ಣೇ ಮುಚ್ಚವಲ್ರು, ನೀರು ಬಂದುಬಿಟ್ರ ಅಂತ!" ಅಂತ ನಕ್ಕಳು. ಆ ನಗು ಕೇಳಿ ನನಗೂ ಸಮಾಧಾನವಾಯಿತು.

ನಾನು ಹೆತ್ತು ತಿಂಗಳು ಕಳೆದಿರಲಿಲ್ಲ, ಮಾವ ಹೋದರು ಅಂತ ಸುದ್ದಿ ಬಂತು. ನಿದ್ದೆಯಲ್ಲೇ ಹೋದರಂತೆ. ಹಸಿ ಬಾಣಂತಿ ಸಾವಿನ ಮನೆಗೆ ಹೋಗಬಾರದು ಅಂತ ಅಮ್ಮ ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಫೋನ್ ಮಾಡಿ ಚಿಗವ್ವನ ಜೊತೆ ಅಲ್ಲಿಂದಲೇ ಅತ್ತೆ.

ಮಗುವನ್ನು ಎತ್ತಿಕೊಂಡು ವಾಪಸು ಬಂದ ದಿನ ಮೊದಲು ಆಕೆಯ ಮನೆಗೇ ಹೋದೆ. ಮಂಚ ಗೋಡೆಗೆ ಒರಗಿಸಿಟ್ಟಿದ್ದರು. ಚಿಗವ್ವ ಮಗುವಿನ ಕೆನ್ನೆ ಸವರಿ, ಒಳಗಿನಿಂದ ಹೊಸ ಬಿಲ್ಲು ತಂದು ನನ್ನ ಕೈಗೆ ಕೊಟ್ಟಳು.

"ನೋಡವಾ, ಬಿಲ್ಲು ಎಷ್ಟು ಇಳಿದೈತಿ."

ಅಷ್ಟು ಕಡಿಮೆ ಬಿಲ್ಲು ನಮ್ಮ ಓಣಿಯಲ್ಲೇ ಯಾರಿಗೂ ಬಂದಿರಲಿಲ್ಲ. ಏನಾದರೂ ಒಳ್ಳೆಯ ಮಾತು ಆಡಬೇಕಲ್ಲ ಅಂತ, "ಮಾವ ದಾರ ಎಳೆದಿದ್ದಕ್ಕೇ ಇಳಿದಿರಾದು ಚಿಗವ್ವಾ," ಅಂದೆ.

"ದಾರದ್ದಲ್ಲವಾ. ಈಗ ಒಗ್ಯಾಕ ಹಾಸಿಗಿ ಬಟ್ಟೀನ ಇಲ್ಲಲ್ಲ," ಅಂದಳು.

ಆಮೇಲೆ ಆಕೆ ಆ ಮನೆ ಬಿಟ್ಟು ಯೂನಿಟ್ಟಿನ ಹತ್ತಿರ ಒಂದು ರೂಮು ಮಾಡಿಕೊಂಡಳು. ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಮೊನ್ನೆ ನಾನು ಕಟ್ಟೆಯ ಮೇಲೆ ಕೂತೇ ಇದ್ದೆ, ಸಂಪು ತುಂಬಿ ನೀರು ಓಣಿಗೆ ಹರಿಯಿತು. ಬಿಲ್ಲು ಇಳಿಯಲಿ, ಇಳಿಯಲಿ ಅಂತ ಅಷ್ಟು ಬಡಿದಾಡಿದವಳಿಗೆ ಕೊನೆಗೆ ಅದು ಇಳಿದದ್ದು ಹೀಗೆ. ನನಗೆ ಸಂಕಟವಾದರೆ ಯಾರನ್ನಾದರೂ ಬೈದು ಹಗುರಾಗಿಯೇ ಅಭ್ಯಾಸ. ಇದಕ್ಕೆ ಯಾರನ್ನಂತ ಬೈಯಲಿ?