ಆನೆ ಕಾಸಿನ ಗಂಟು

ಮುನಿಶಾಮಣ್ಣ, ಆ ಗಂಟನ್ನು ನೀವು ನನ್ನ ಕೈಗೇ ಕೊಟ್ಟಿದ್ದಿರಿ. ಅದು ಅಂಚೆಯಲ್ಲಿ ಕಳೆದುಹೋಗಲಿಲ್ಲ, ದಾರಿಯಲ್ಲಿ ಬೀಳಲಿಲ್ಲ, ನಿಮ್ಮ ಚೀಲದಿಂದ ಯಾರೂ ಎತ್ತಲಿಲ್ಲ. ಹಾಡುಹಗಲಿನಲ್ಲಿ, ನಮ್ಮ ಮನೆಯ ಬಾಗಿಲಲ್ಲಿ, ನಾನೇ ಸೆರಗೊಡ್ಡಿ ಇಸಿದುಕೊಂಡೆ. ಆಮೇಲೆ ಇಲ್ಲವೆಂದೆ.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು — ಅಲ್ಲ, ವರ್ಷಗಳೇನೂ ಬೇಕಿರಲಿಲ್ಲ, ಬಾಯಿ ಬೇಕಿತ್ತು. ಒಬ್ಬಳೇ ಇರುವಾಗ ಈ ಮಾತನ್ನು ಗಟ್ಟಿಯಾಗಿ ಆಡಿ ನೋಡಿದ್ದೇನೆ. ಅಡುಗೆಮನೆಯ ಗೋಡೆಗಳಿಗೆ ಎಲ್ಲ ಗೊತ್ತು. ಗೋಡೆಗೆ ಹೇಳುವುದು ಸುಲಭ, ಅದು ತಿರುಗಿ ನೋಡುವುದಿಲ್ಲ.

ಶಿಡ್ಲಘಟ್ಟದ ನನ್ನನ್ನು ಚಿಂತಾಮಣಿಯಿಂದ ಇನ್ನೂ ಒಳಗಿರುವ ಈ ಹಳ್ಳಿಗೆ ಕೊಟ್ಟರು. ಗಂಡ ಮಿಲಿಟರಿಯವರು. ಮದುವೆಗೆಂದು ಸಿಕ್ಕಿದ್ದ ರಜೆ ಮುಗಿಯುತ್ತಲೇ ಟ್ರಂಕು ಹೊತ್ತು ಹೊರಟರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವರು ಮಾವ ಮತ್ತು ನಾನು. ಮಾವ ಮೇಷ್ಟ್ರಾಗಿ ನಿವೃತ್ತರಾದವರು, ಕೆಟ್ಟವರೇನಲ್ಲ. ಆದರೆ ಜೀವಮಾನದ ಮಾತನ್ನೆಲ್ಲ ಸ್ಕೂಲಿನಲ್ಲೇ ಆಡಿ ಮುಗಿಸಿದ್ದರೋ ಏನೋ, ಮನೆಗೆ ಉಳಿಸಿಕೊಂಡದ್ದು "ಹೂಂ" ಒಂದೇ. ಊಟಕ್ಕೆ ಬನ್ನಿ ಎಂದರೆ ಹೂಂ. ಸಾರು ಹೇಗಿದೆ ಎಂದರೂ ಹೂಂ.

ಹಾಗಾಗಿ ಇಡೀ ದಿನದಲ್ಲಿ ನನ್ನೊಡನೆ ನಾಲ್ಕು ಮಾತಾಡುತ್ತಿದ್ದವರು ನೀವೊಬ್ಬರೇ. ಖಾಕಿ ಕೋಟು, ಹೆಗಲಿಗೆ ಚೀಲ. ಬೀದಿಯ ತುದಿಯಿಂದಲೇ "ಅಮ್ಮಯ್ಯಾ, ಕಾಗದ!" ಎಂದು ಕೂಗುತ್ತಿದ್ದಿರಿ. ಕಾಗದವಿಲ್ಲದ ದಿನ ಸುಮ್ಮನೆ ಹೋಗಬಹುದಿತ್ತು, ಹೋಗುತ್ತಿರಲಿಲ್ಲ. ಜಗಲಿಯ ಕೆಳಗೆ ನಿಂತು, "ನಾಳೆ ಬರ್ತದೆ ಬಿಡಿ ತಾಯಿ. ಅಷ್ಟು ದೂರದಿಂದ ಬರಬೇಕಲ್ವಾ, ಅದಕ್ಕೂ ಕಾಲು ನೋಯ್ತದೆ" ಎನ್ನುತ್ತಿದ್ದಿರಿ. ನಾನು ನಗುತ್ತಿದ್ದೆ. ಆ ಮನೆಯಲ್ಲಿ ನಾನು ನಗುತ್ತಿದ್ದದ್ದು ಅದೊಂದೇ ಹೊತ್ತು.

ನೀವು ಎಂದೂ ಜಗಲಿ ಹತ್ತಲಿಲ್ಲ. ಹತ್ತಿ ಎಂದು ನಾನೂ ಹೇಳಲಿಲ್ಲ. ನನ್ನಪ್ಪನ ವಯಸ್ಸಿನ ನಿಮ್ಮನ್ನು "ಏನ್ ಮುನಿಶಾಮಿ, ಬಾರಪ್ಪ" ಎಂದು ಏಕವಚನದಲ್ಲೇ ಕರೆಯುತ್ತಿದ್ದೆ. ನಿಮ್ಮ ಕೇರಿಯಲ್ಲಿ ಓದು ಕಲಿತು ಸರ್ಕಾರದ ಕೋಟು ಹಾಕಿದ ಮೊದಲನೆಯವರು ನೀವೆಂದು ಊರೆಲ್ಲ ಹೇಳುತ್ತಿತ್ತು. ಆದರೂ ಏಕವಚನ. ಇದನ್ನೂ ಹೇಳಬೇಕು, ಏಕೆಂದರೆ ಮುಂದೆ ನಡೆದದ್ದಕ್ಕೆ ಇದೇ ಕಾರಣ.

ನಯಾಪೈಸೆ ಬಂದ ಹೊಸತು. ಜನ ಹಳೆಯ ಕಾಸನ್ನು ಬದಲಾಯಿಸಿಕೊಳ್ಳಲು ಓಡಾಡುತ್ತಿದ್ದರೆ ಮಾವ ಅದನ್ನೇ ಕೂಡಿಡುತ್ತಿದ್ದರು. ಅವರಿಗೆ ಪ್ರಾಣವಾಗಿದ್ದದ್ದು ಸುಲ್ತಾನರ ಕಾಲದ ತಾಮ್ರದ ಕಾಸು, ಒಂದು ಬದಿಗೆ ಆನೆ ಇರುವಂಥದ್ದು. ಮಳೆ ಬಿದ್ದು ಹೊಲ ಉತ್ತಾಗ ಒಂದೊಂದು ಮೇಲೆ ಬರುತ್ತಿತ್ತು. ಇದೇ ಹುಚ್ಚಿನ ಗೆಳೆಯರೊಬ್ಬರು ಗೌರಿಬಿದನೂರಿನಲ್ಲಿದ್ದರು — ರೈಲ್ವೆಯಿಂದ ನಿವೃತ್ತರಾದ ಶ್ರೀಕಂಠಯ್ಯನವರು. ಇಬ್ಬರೂ ತಮ್ಮ ತಮ್ಮ ಕಾಸುಗಳನ್ನು ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ರಿಜಿಸ್ಟರ್ ಮಾಡಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಕೆಲವು ದಿನ ಇಟ್ಟುಕೊಂಡು ನೋಡುವುದು, ಮತ್ತೆ ವಾಪಸು ಕಳಿಸುವುದು. ಹಾಗೆ ಗಂಟು ಬಂದ ದಿನ ಮಾತ್ರ ಮಾವನ ಮುಖ ಅರಳುತ್ತಿತ್ತು. "ಇಲ್ನೋಡಮ್ಮ, ಸೊಂಡಿಲು ಮೇಲೆತ್ತಿದೆ" ಎಂದು ನನ್ನನ್ನೂ ಕರೆಯುತ್ತಿದ್ದರು. ನಾನು ಕಾಯುತ್ತಿದ್ದದ್ದು ಆನೆಗಲ್ಲ, ಆ ಕರೆಗೆ.

ಶ್ರಾವಣದಲ್ಲಿ ಮಾವ ಚಿಕ್ಕಬಳ್ಳಾಪುರದ ತಂಗಿಯ ಮನೆಗೆ ಹೋದರು. ವರಮಹಾಲಕ್ಷ್ಮಿ ಹಬ್ಬಕ್ಕೆ ನಾನೊಬ್ಬಳೇ. ಅಂದು ನೀವು ಬಂದಿರಿ. ಒಂದು ಕೈಯಲ್ಲಿ ನನ್ನ ಗಂಡನ ಕಾಗದ, ಇನ್ನೊಂದರಲ್ಲಿ ಗೌರಿಬಿದನೂರಿನ ಗಂಟು.

"ಇದಕ್ಕೆ ಮೇಷ್ಟ್ರೇ ಸೈನ್ ಹಾಕಬೇಕು ಅಮ್ಮಯ್ಯ. ಅವರು ಬರೋಗಂಟ ಅಂಚೆಮನೇಲಿ ಮಡಗಿರ್ತೀನಿ" ಎಂದಿರಿ.

ನಾನು ಬಿಡಲಿಲ್ಲ. ಹಬ್ಬದ ದಿನ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ತಿರುಗಿಸಿಕೊಂಡು ಹೋಗಬಾರದು, ಕಳಶದ ಮುಂದೆ ಇಡುತ್ತೇನೆ, ಕೊಡಪ್ಪ ಎಂದು ಗೋಗರೆದೆ. ನೀವು ಬೀದಿಯ ಆಚೆ ಈಚೆ ನೋಡಿದಿರಿ. "ಆಗ್ಲಿ ತಾಯಿ, ನೀವೇನು ಬೇರೇನಾ. ಸೋಮವಾರ ಬಂದು ಸೈನ್ ತಗೊಂತೀನಿ" ಎಂದು ಕಾಗದವನ್ನೂ ಗಂಟನ್ನೂ, ನನಗೆ ತಾಗದ ಹಾಗೆ, ಮೇಲಿನಿಂದ ಸೆರಗಿಗೆ ಹಾಕಿದಿರಿ. ನನ್ನ ಅಂಗೈಯಲ್ಲಿ ಅರಿಶಿನವಿತ್ತು.

ನೀವು ಕೆಲಸದ ಕಟ್ಟಳೆ ಮುರಿದದ್ದು ಅದೊಂದು ಸಲ ಇರಬೇಕು. ನನಗಾಗಿ ಮುರಿದಿರಿ.

ಮಾವನ ಹೆಸರಿನ ಗಂಟಿನ ಅರಗನ್ನು ನಾನು ಒಡೆದೆ. ಒಳಗಿದ್ದ ಕಾಸುಗಳು ಕಪ್ಪಗೆ, ಅಂಚಿನಲ್ಲಿ ಹಸಿರು ಹಿಡಿದು ಕೊಳಕಾಗಿ ಕಂಡವು. ಇವನ್ನು ಹೀಗೇ ದೇವರ ಮುಂದೆ ಇಡುವುದೇ? ನಮ್ಮಮ್ಮ ಪೂಜೆಯ ಚೊಂಬು ಬೆಳಗುವುದನ್ನು ಹೇಗೆ ಕಲಿಸಿದ್ದಳೋ ಹಾಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ ತೆಗೆದುಕೊಂಡು ಕೂತೆ. ತಾಮ್ರ ಕೆಂಪಗೆ ಹೊಳೆಯತೊಡಗಿದಂತೆ ನನಗೆ ಹುರುಪು ಬಂತು, ಇನ್ನೂ ಉಜ್ಜಿದೆ. ಒಂದರಲ್ಲಿ ಸೊಂಡಿಲು ಹೋಯಿತು. ಇನ್ನೊಂದರಲ್ಲಿ ಆನೆಯ ಮೇಲಿದ್ದ ಬರಹ ಸವೆಯಿತು. ಅದು ಕಣ್ಣಿಗೆ ಬಿದ್ದರೂ — ಹೊಳಪಿನ ಮುಂದೆ ಅದೇನು ದೊಡ್ಡದು ಎಂದುಕೊಂಡೆ. ತಟ್ಟೆಯಲ್ಲಿ ಜೋಡಿಸಿ ಕುಂಕುಮವಿಟ್ಟೆ. ಮಾವ ಬಂದು ನೋಡಿ ಏನೆನ್ನುತ್ತಾರೆ ಎಂದು ಊಹಿಸಿಕೊಂಡೇ ಸಂಭ್ರಮಪಟ್ಟೆ. ನಿಜ ಹೇಳುತ್ತೇನೆ, ಆ ಮನೆಯಲ್ಲಿ ಅದೇ ನನ್ನ ಅತ್ಯಂತ ಸಂತೋಷದ ದಿನ.

ಮಾವ ಭಾನುವಾರ ಸಂಜೆ ಬಂದರು. ಕಾಲು ತೊಳೆಯುತ್ತ, ಎಂದೂ ಇಲ್ಲದ ಹಾಗೆ ತಾವಾಗಿ ಮಾತು ತೆಗೆದರು. "ಶ್ರೀಕಂಠ ಆನೆ ಕಾಸು ಕಳಿಸ್ತೀನಿ ಅಂದಿದ್ದ. ಅವನತ್ರ ಇರೋದ್ರಲ್ಲೆಲ್ಲ ಒಳ್ಳೇವು ಕಣಮ್ಮ. ಸಿಕ್ಕಿದ ದಿನದಿಂದ ಬಟ್ಟೇಲೂ ಒರೆಸಿಲ್ವಂತೆ. ಆ ಕಪ್ಪಿನಲ್ಲೇ ಅದರ ಬೆಲೆಯೆಲ್ಲ ಇರೋದು. ತೊಳೆದ್ರೆ ಮುಗೀತು, ತಾಮ್ರದ ಚೂರು ಅಷ್ಟೇ. ಇದುವರೆಗೆ ಯಾರ ಕೈಗೂ ಕೊಟ್ಟಿಲ್ಲ, ನನ್ನ ನಂಬಿ ಕಳಿಸ್ತಿದಾನೆ. ಬಂತೇನಮ್ಮ?"

ತಟ್ಟೆ ತರಲು ಒಳಗೆ ಹೆಜ್ಜೆ ಇಟ್ಟಿದ್ದೆ. ಅಲ್ಲೇ ನಿಂತೆ.

"ಇಲ್ಲ ಮಾವ. ಇನ್ನೂ ಬಂದಿಲ್ಲ."

ಬೈದರೆ ಬೈಯುತ್ತಿದ್ದರು. ಒಂದು ತಿಂಗಳು ಹೂಂ ಕೂಡ ಅನ್ನುತ್ತಿರಲಿಲ್ಲವೇನೋ. ಅಷ್ಟೇ ತಾನೆ? ಅಷ್ಟನ್ನು ತಡೆಯಲಾರದೆ — ಆ ಕರೆ ಇನ್ನು ಬರುವುದಿಲ್ಲವಲ್ಲ ಎಂಬ ಭಯಕ್ಕೆ — ನಾನು ಇನ್ನೊಬ್ಬರ ಬದುಕಿನ ಮೇಲೆ ಕಾಲಿಟ್ಟೆ. ಕಾಸುಗಳನ್ನು ರವಿಕೆ ಕಣದಲ್ಲಿ ಸುತ್ತಿ ರಾಗಿ ಗುಡಾಣದ ತಳಕ್ಕೆ ತುರುಕಿದೆ.

ಸೋಮವಾರ ನೀವು ನಗುತ್ತ ಬಂದಿರಿ. ಮಾವ ಜಗಲಿಯಲ್ಲಿದ್ದರು, ಪಕ್ಕದ ಮನೆಯವರೂ ಕೂತಿದ್ದರು. "ಮೇಷ್ಟ್ರೇ, ಮೊನ್ನೆ ಬಂತಲ್ಲ ಗಂಟು, ಅದಕ್ಕೊಂದು ಸೈನ್ ಹಾಕ್ಬಿಡಿ."

"ಯಾವ ಗಂಟಯ್ಯ?"

ನನ್ನನ್ನು ಕರೆದರು. ಹೊಸ್ತಿಲ ಒಳಗೆ ನಿಂತು ಹೇಳಿದೆ, "ನನಗೆ ಯಾವ ಗಂಟೂ ಕೊಟ್ಟಿಲ್ಲ ಮಾವ."

ನಿಮಗೆ ಮೊದಲು ಅರ್ಥವೇ ಆಗಲಿಲ್ಲ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು, ತುಟಿಯಲ್ಲಿ ನಗು ಇನ್ನೂ ಇತ್ತು. "ಅಮ್ಮಯ್ಯ, ಜ್ಞಾಪಕ ಮಾಡ್ಕೊಳ್ಳಿ. ಹಬ್ಬದ ದಿನ... ನಿಮ್ಮ ಕೈಯೆಲ್ಲ ಅರಿಶಿನ ಆಗಿತ್ತು, ಸೆರಗಲ್ಲಿ ಇಸ್ಕೊಂಡ್ರಿ."

ಆಗ ನಾನು ಹೇಳಿದ ಮಾತು ಇದು. ಒಂದಕ್ಷರ ಬದಲಿಸದೆ ಹೇಳುತ್ತೇನೆ. "ಅವತ್ತು ನೀನು ಸೆರಗಿಗೆ ಹಾಕಿದ್ದು ನಮ್ಮ ಯಜಮಾನರ ಕಾಗದ ಕಣಪ್ಪ. ಗಂಟು ಅಲ್ಲ. ನಿನಗೇ ಮರೆತುಹೋಗಿದೆ."

ಎಷ್ಟು ಮೃದುವಾಗಿ ಹೇಳಿದೆ, ಜ್ಞಾಪಕವಿದೆಯೇ? ಕೋಪದಿಂದ ಹೇಳಿದ್ದರೆ ನೀವು ಜಗಳವನ್ನಾದರೂ ಆಡುತ್ತಿದ್ದಿರಿ.

ಅಂಚೆಯ ಮೇಲಧಿಕಾರಿಗಳು ಬಂದು ವಿಚಾರಿಸಿದರು. ನಾನು ಅದೇ ಹೊಸ್ತಿಲಲ್ಲಿ ನಿಂತು ಅದೇ ಮಾತು ಹೇಳಿದೆ. ಸೈನ್ ಎಲ್ಲಿ ಎಂದು ನಿಮ್ಮನ್ನು ಕೇಳಿದರು. ಸೈನ್ ಇರಲಿಲ್ಲ. ಮೇಷ್ಟ್ರ ಸೊಸೆ ಸುಳ್ಳು ಹೇಳುತ್ತಾಳೆಯೇ ಎಂದು ಜಗಲಿಯ ಮೇಲಿನವರು ಅಂದರು. ಕೇರಿಯವರಿಗೆ ಕೋಟು ಹಾಕಿಸಿದರೆ ಹೀಗೇ ಎಂದೂ ಒಬ್ಬರು ಅಂದರು. ನಾನು ಕೇಳಿಸಿಕೊಂಡೆ, ಬಾಗಿಲ ಹಿಂದೆಯೇ ಇದ್ದೆ. ನಿಮ್ಮ ಕೋಟು ಹೋಯಿತು. ಸ್ವಲ್ಪ ದಿನಕ್ಕೆ ಸಂಸಾರ ಕಟ್ಟಿಕೊಂಡು ಊರು ಬಿಟ್ಟಿರಿ.

ಶ್ರೀಕಂಠಯ್ಯನವರು ಒಂದು ಸಲ ಬರೆದರು, ಮತ್ತೆ ಬರೆಯಲಿಲ್ಲ. ಗೆಳೆಯನೇ ಇಟ್ಟುಕೊಂಡ ಎಂದು ಅನುಮಾನಪಟ್ಟರೋ, ಬೇಸರವೋ. ಮಾವ ಪ್ರತಿದಿನ ಅಂಚೆಯ ಹೊತ್ತಿಗೆ ಜಗಲಿಗೆ ಬಂದು ಕೂರುತ್ತಿದ್ದರು. ತಮ್ಮ ಕಾಸಿನ ಪೆಟ್ಟಿಗೆಯನ್ನು ಮಾತ್ರ ತೆರೆಯುವುದನ್ನು ಬಿಟ್ಟರು. "ಇಲ್ನೋಡಮ್ಮ" ಎಂಬ ಕರೆ ನಿಂತೇಹೋಯಿತು. ಯಾವುದನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದೆನೋ ಅದೇ ಮೊದಲು ಹೋಯಿತು. ಹೊಸದಾಗಿ ಬಂದ ಅಂಚೆಯವನು ಕಾಗದವನ್ನು ಕಿಟಕಿಯಿಂದ ಒಳಗೆ ಎಸೆದು ಹೋಗುತ್ತಿದ್ದ. ಚೀನಾ ಗಡಿಯಲ್ಲಿ ಯುದ್ಧ ನಡೆದಾಗ ಎಷ್ಟೋ ವಾರ ಕಾಗದವೇ ಬರಲಿಲ್ಲ. ನಾಳೆ ಬರ್ತದೆ ತಾಯಿ ಎನ್ನುವ ಒಂದು ಬಾಯಿಗಾಗಿ ನಾನು ಹೊಸ್ತಿಲಲ್ಲಿ ನಿಂತು ಅತ್ತಿದ್ದೇನೆ. ಗಂಡ ಬದುಕಿ ಬಂದರು, ರಜೆ ಮುಗಿಸಿ ಮತ್ತೆ ಹೋದರು. ಅವರಿಗೂ ಹೇಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಒಂದು ತಪ್ಪು ಎನ್ನಬಹುದಿತ್ತು. ಎರಡನೆಯದು ಶಿಡ್ಲಘಟ್ಟದಲ್ಲಿ ನಡೆಯಿತು.

ತವರಿಗೆ ಹೋಗಿದ್ದವಳು ರೇಷ್ಮೆಗೂಡಿನ ಮಾರುಕಟ್ಟೆಯ ಪಕ್ಕದಲ್ಲಿ ಹಾದು ಬರುತ್ತಿದ್ದೆ. ನೀವು ಗೂಡಿನ ಬುಟ್ಟಿ ಹೊರುತ್ತಿದ್ದಿರಿ. ಗೂಡು ಸುರಿದು, ಖಾಲಿ ಬುಟ್ಟಿಯೊಳಗೆ ಕೈ ಆಡಿಸಿ ನೋಡಿದಿರಿ. ಆಮೇಲೆ ಪಕ್ಕದವನನ್ನು ಕರೆದು, "ನೀನೊಂದು ಸಲ ನೋಡಪ್ಪ, ಏನೂ ಉಳಿದಿಲ್ಲ ತಾನೆ?" ಎಂದಿರಿ. ಅವನು ನೋಡದೆಯೇ ನಕ್ಕ. "ಈ ಮುದುಕಂದು ದಿನಾ ಇದೇ ಗೋಳು" ಎಂದ. ಊರಿನ ಪ್ರತಿ ಮನೆಯ ಪ್ರತಿ ಹೆಸರನ್ನೂ ಬಾಯಲ್ಲೇ ಇಟ್ಟುಕೊಂಡಿದ್ದವರು ಖಾಲಿ ಬುಟ್ಟಿಗೆ ಸಾಕ್ಷಿ ಕೇಳುತ್ತಿದ್ದಿರಿ.

ತಲೆ ತಗ್ಗಿಸಿ ದಾಟಿಬಿಡೋಣ ಎಂದುಕೊಂಡೆ. ನೀವೇ ಗುರುತು ಹಿಡಿದು ಓಡಿ ಬಂದಿರಿ.

"ಅಮ್ಮಯ್ಯ, ಚೆನ್ನಾಗಿದೀರಾ? ಅಯ್ಯನೋರ ಕಾಗದ ಬರ್ತಾ ಇದೆಯಾ?"

ಮೊದಲು ಕೇಳಿದ್ದು ಅದನ್ನು. ಆಮೇಲೆ ದನಿ ತಗ್ಗಿಸಿದಿರಿ. "ಮೊದಮೊದಲು ನಿಮ್ಮ ಮೇಲೆ ಕೋಪ ಇತ್ತಮ್ಮ. ತಪ್ಪಾಯ್ತು. ಕೊಟ್ಟಂಗೇ ಕಣ್ಣಿಗೆ ಕಟ್ತದೆ, ಆ ಸೆರಗು, ಆ ಅರಿಶಿನ... ಆದ್ರೆ ಅದು ಕಾಗದಾನೇ ಇರಬೇಕು. ನಿಮ್ಮಂಥೋರು ಯಾಕೆ ಸುಳ್ಳು ಹೇಳ್ತೀರಾ? ನಾನೇ ಎಲ್ಲೋ ಬೀಳಿಸ್ಕೊಂಡಿದೀನಿ. ನನ್ ತಲೆ ಮೇಲೆ ನನಗೇ ನಂಬಿಕೆ ಇಲ್ಲ ಈಗ. ಮನಸಲ್ಲಿ ಮಡಿಕ್ಕೋಬೇಡಿ ತಾಯಿ."

ಮುನಿಶಾಮಣ್ಣ, ನೀವು ನನ್ನ ಕ್ಷಮೆ ಕೇಳಿದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು. ಮಾವ ಜೊತೆಯಲ್ಲಿರಲಿಲ್ಲ, ಜಗಲಿ ಇರಲಿಲ್ಲ, ಯಾವ ಭಯವೂ ಇರಲಿಲ್ಲ. ನಾನು ಏನು ಹೇಳಿದೆ ಗೊತ್ತೇ — "ಹೋಗ್ಲಿ ಬಿಡಪ್ಪ, ಆಗಿದ್ದಾಯ್ತು." ನಾನು ನಿಮ್ಮನ್ನು ಕ್ಷಮಿಸಿ ಬಂದೆ! ನಿಮ್ಮ ಮುಖದಲ್ಲಿ ಸಮಾಧಾನ ಕಂಡಿತು. ಅದನ್ನು ಕಂಡ ಮೇಲೆ ನನಗೆ ಸರಿಯಾಗಿ ನಿದ್ದೆ ಹತ್ತಿದ ದಿನವಿಲ್ಲ.

ಮಾವ ತೀರಿಕೊಂಡರು. ಮೊನ್ನೆ ಗುಡಾಣ ಖಾಲಿ ಮಾಡಿ ರವಿಕೆ ಕಣ ಬಿಚ್ಚಿದೆ. ಕಾಸುಗಳು ಮತ್ತೆ ಕಪ್ಪಾಗಿವೆ. ಯಾರಾದರೂ ನೋಡಿದರೆ, ಇವನ್ನು ಯಾರೂ ಮುಟ್ಟಿಲ್ಲ ಎನ್ನಬೇಕು, ಹಾಗೆ. ಬೆಳಕಿಗೆ ಹಿಡಿದರೆ ಮಾತ್ರ ಸೊಂಡಿಲು ಇಲ್ಲದ್ದು ತಿಳಿಯುತ್ತದೆ.

ನಾಳೆ ಶಿಡ್ಲಘಟ್ಟದ ಬಸ್ಸು ಹಿಡಿಯುತ್ತೇನೆ. ಕಾಸುಗಳು ಶ್ರೀಕಂಠಯ್ಯನವರಿಗೆ ಸೇರಬೇಕಾದವು. ಅವರು ಇದ್ದರೆ ಅವರಿಗೆ, ಇಲ್ಲದಿದ್ದರೆ ಅವರ ಮನೆಯವರಿಗೆ, ಗೌರಿಬಿದನೂರಿಗೆ ನಾನೇ ಹೋಗಿ ಒಪ್ಪಿಸುತ್ತೇನೆ. ಆದರೆ ಮೊದಲು ಮಾರುಕಟ್ಟೆಗೆ. ಅಲ್ಲಿ, ನಿಮ್ಮನ್ನು ನೋಡಿ ನಗುವ ಆ ಜನರ ಮುಂದೆ, ಗಟ್ಟಿಯಾಗಿ ಹೇಳಬೇಕು. ಆಮೇಲೆ ನಮ್ಮೂರಿಗೆ ಕರೆತಂದು ಅದೇ ಜಗಲಿಯ ಮೇಲೆ ಕೂರಿಸಿ, ಅಲ್ಲಿಯೂ ಹೇಳಬೇಕು. ನೀವು ಬರಲೊಪ್ಪದಿದ್ದರೆ ಒಬ್ಬಳೇ ನಿಂತು ಹೇಳುತ್ತೇನೆ. ನೀವು ಕ್ಷಮಿಸಬೇಕೆಂದು ಬರುತ್ತಿಲ್ಲ. ದಯವಿಟ್ಟು ಕ್ಷಮಿಸಬೇಡಿ, ನಿಮಗೆ ಅದು ಬಹಳ ಬೇಗ ಬರುತ್ತದೆ.

ನನ್ನಿಂದ ಕೋಟು ವಾಪಸು ಕೊಡಿಸಲಾಗುವುದಿಲ್ಲ. ನಿಮ್ಮ ಜ್ಞಾಪಕವನ್ನು ಮಾತ್ರ ನಿಮಗೆ ಒಪ್ಪಿಸಬೇಕು. ಅದು ಸರಿಯಾಗಿತ್ತು, ಮುನಿಶಾಮಣ್ಣ. ಹಬ್ಬದ ದಿನ, ನನ್ನ ಕೈಯಲ್ಲಿ ಅರಿಶಿನ. ಕಾಗದವನ್ನೂ ಕೊಟ್ಟಿರಿ, ಗಂಟನ್ನೂ ಕೊಟ್ಟಿರಿ. ನೀವು ಏನನ್ನೂ ಎಲ್ಲಿಯೂ ಬೀಳಿಸಿಕೊಳ್ಳಲಿಲ್ಲ.